ಡಿಕ್ಕಿಯೊಳಗೊಂದು ಬಂಡಿದಾರಿ

ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ, ಕುಣಿಯನ್ನು ಅವರದೇ ಪಾದದಿಂದ ಅಳೆಯುತ್ತಾರೆ. ಒಂಬತ್ತು ಪಾದ. ಹೋದ ತಿಂಗಳು ರೋಣದ ರುದ್ರಭೂಮಿಯಲ್ಲಿ ಮೋಜಣಿ ಕಾಕಾ ಅವರ ಪಾದದ ಉದ್ದಕ್ಕೆ ಒಂದು ಕಡ್ಡಿ ಮುರಿದುಕೊಂಡು ಇಬ್ಬರು ಕುಣಿಗೆ ಇಳಿದಾಗ, ಮೇಲೆ ನಿಂತ ನಾವೆಲ್ಲ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಬಗ್ಗಿ ನೋಡುತ್ತಿದ್ದೆವು. ಒಂಬತ್ತನೆಯ ಸಲ ಕಡ್ಡಿ ಇಟ್ಟಾಗ ಕುಣಿ ಮೂರು ಬೆರಳು ಕಡಿಮೆ ಬಂತು.

“ನಡೀತದ ಬಿಡ್ರಿ, ಅಂದಾಜು ಬರೋಬ್ಬರಿ ಐತಿ,” ಎಂದ ಕೆಳಗಿದ್ದವನು.

“ಏ ಮಾರಾಯಾ, ಅವರ ಮುಂದ ಅಂದಾಜು ಅನಬ್ಯಾಡ,” ಎಂದರು ನಮ್ಮ ಓಣಿಯ ಕಿರಾಣಿ ಸಾಹುಕಾರರು, ಹೂವಿನ ವಿಮಾನದಲ್ಲಿ ಕುಳಿತಿದ್ದ ಹೆಣದ ಕಡೆ ಒಮ್ಮೆ ನೋಡಿ. “ಮೊದಲ ಕುಂತಾರ. ಎದ್ದ ನಿಂತಗಿಂತಾರು!”

ಅಳುತ್ತಿದ್ದ ಕಾಕಾ ಅವರ ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟಳು. ಮೂರು ಬೆರಳು ಮಣ್ಣು ತೆಗೆಸಿದ ಮೇಲೆಯೇ ಮುಂದಿನ ಕ್ರಿಯೆ.

ಅವರು ಸರ್ವೇ ಖಾತೆಯಲ್ಲಿ ಭೂಮಾಪಕರಾಗಿದ್ದವರು. ನರಗುಂದ, ರೋಣ, ಗಜೇಂದ್ರಗಡದ ಸುತ್ತಿನ ಎರಿ ಹೊಲಗಳಲ್ಲಿ ಸರಪಳಿ ಎಳೆದು, ಬಾಂದುಕಲ್ಲು ನೆಡಿಸಿ, ಅಣ್ಣ ತಮ್ಮಂದಿರ ಹೊಲಗಳನ್ನು ಪಾಲು ಮಾಡಿ ನಕಾಶೆ ಬರೆದುಕೊಟ್ಟು, ಕೊನೆಗೆ ನಿವೃತ್ತರಾಗಿ ನಮ್ಮ ಓಣಿಗೆ ಬಂದು ನೆಲೆಸಿದ್ದರು. ಮೋಜಣಿ ಎಂದರೆ ಭೂಮಿಯ ಅಳತೆ, ಹಾಗಾಗಿ ಎಲ್ಲರಿಗೂ ಅವರು ಮೋಜಣಿ ಕಾಕಾ. ಸರ್ಕಾರ ಅವರನ್ನು ಸೇವೆಯಿಂದ ಬಿಡುಗಡೆ ಮಾಡಿತ್ತು. ಅವರು ಮಾತ್ರ ಯಾವುದನ್ನೂ ಅಳೆಯದೆ ಬಿಡುಗಡೆ ಮಾಡುತ್ತಿರಲಿಲ್ಲ. ಅಂಗಿಯ ಕಿಸೆಯಲ್ಲಿ ಸದಾ ಒಂದು ಟೇಪು ಇರುತ್ತಿತ್ತು, ಅದರ ತುದಿ ಓತಿಕ್ಯಾತದ ನಾಲಿಗೆಯ ಹಾಗೆ ಹೊರಗೆ ಇಣುಕುತ್ತಿತ್ತು. ಯಾರ ಮನೆಗೆ ಹೋದರೂ ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿದ ಮೇಲೆಯೇ ಕುರ್ಚಿಯಲ್ಲಿ ಕೂರುವರು. “ಹನ್ನೊಂದೂ ಮುಕ್ಕಾಲು. ಗೌಂಡಿ ನಿಮಗ ಹನ್ನೆರಡು ಅಂತ ಹೇಳ್ಯಾನ, ಹೌದಿಲ್ಲೋ?” ಎನ್ನುವರು. ಮನೆ ಕಟ್ಟಿಸಿ ಇಪ್ಪತ್ತು ವರ್ಷ ಸುಖವಾಗಿದ್ದವರು ಅಂದಿನಿಂದ ಕಾಲು ಅಡಿಯ ಕೊರಗಿನಲ್ಲಿ ಬದುಕುವರು.

ಒಮ್ಮೆ ಗಜೇಂದ್ರಗಡದಲ್ಲಿ ಹೆಂಡತಿಗೆ ಸೀರೆ ಕೊಳ್ಳಲು ಹೋಗಿ, ನೇಕಾರರ ಮನೆಯಲ್ಲಿ ಸೀರೆಯನ್ನು ಹಾಸಿ ಟೇಪು ಹಿಡಿದರಂತೆ. ಹೇಳಿದ್ದಕ್ಕಿಂತ ಎರಡು ಬೆರಳು ಕಡಿಮೆ. ಮತ್ತೊಂದು ಹಾಸಿದರು, ಅದು ಒಂದು ಬೆರಳು ಹೆಚ್ಚು. ಹೆಚ್ಚಾದದ್ದನ್ನೂ ಅವರು ಒಪ್ಪಲಿಲ್ಲ. ಏಳು ಸೀರೆ ಅಳೆದ ಮೇಲೆ ಆ ನೇಕಾರ ಕೈಮುಗಿದು ಒಂದು ಕುಪ್ಪಸದ ಖಣ ಕೊಟ್ಟು ಬಸ್‌ಸ್ಟ್ಯಾಂಡಿನ ತನಕ ಬಿಟ್ಟು ಹೋದನಂತೆ. ಕಾಕಿ ಆ ಖಣವನ್ನು ತೋರಿಸಿ, “ನನ್ನ ಗಂಡನ ಗಳಿಕಿ ನೋಡ್ರಿ, ಸೀರಿ ಇಲ್ಲದ ಕುಪ್ಪಸ,” ಎನ್ನುತ್ತಿದ್ದರು.

ಅವರ ಇಡೀ ಜೀವನ ನನಗೆ ಗೊತ್ತಿಲ್ಲ. ನಾನು ಅವರನ್ನು ಬಲ್ಲದ್ದು ನಮ್ಮ ಕಾರಿನ ಡಿಕ್ಕಿಯ ಮೂಲಕ.

ನಾನು ನರೇಗಲ್ಲಿನ ಕಾಲೇಜೊಂದರಲ್ಲಿ ಗ್ರಂಥಪಾಲಕ. ಅಣ್ಣನದು ರೋಣದ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ. ಆರು ವರ್ಷದ ಹಿಂದೆ ನಮ್ಮ ಮನೆ ಪಾಲಾಗಿ ಪಡಸಾಲೆಯ ನಡುವೆ ಗೋಡೆ ಎದ್ದಿತ್ತು. ಹೊಲ ಪಾಲಾಗಿತ್ತು, ಹಂಡೆ ಪಾಲಾಗಿತ್ತು, ದೇವರ ಜಗುಲಿಯ ಸಮಯವೂ ಪಾಲಾಗಿತ್ತು. ಆದರೂ ಅದಾದ ಮೇಲೆ ಇಬ್ಬರೂ ಕೂಡಿ ಒಂದು ಸಣ್ಣ ಬಿಳಿ ಕಾರು ಕೊಂಡೆವು. ಯಾಕೆ ಎಂದು ಕೇಳಿದರೆ ಇಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಒಂದು ದಿನ ಅವನಿಗೆ, ಒಂದು ದಿನ ನನಗೆ, ರವಿವಾರ ಇಬ್ಬರಿಗೂ. ದಿನ ಬಿಟ್ಟು ದಿನ ಕಾರಿನ ಕೀಲಿಕೈ ಗೋಡೆ ದಾಟಬೇಕಿತ್ತು. ಕೀಲಿಕೈ ಒಂದೇ ದಾಟುವುದಿಲ್ಲವಲ್ಲ, ಜೊತೆಗೆ “ಊಟಾತೇನು?” ಎಂಬ ಎರಡು ಮಾತೂ ದಾಟುತ್ತಿದ್ದವು. ನಮ್ಮ ಹಿಂದಿನ ಓಣಿಯಲ್ಲಿ ಇನ್ನಿಬ್ಬರು ಅಣ್ಣ ತಮ್ಮಂದಿರು ಇದ್ದಾರೆ. ಅವರಲ್ಲಿ ಕೂಡಿದ್ದು ಏನೂ ಉಳಿದಿಲ್ಲ. ತಮ್ಮ ತನ್ನ ಮಗಳ ಲಗ್ನಪತ್ರಿಕೆಯನ್ನು ಎದುರು ಬಾಗಿಲಿನ ಅಣ್ಣನಿಗೆ ಅಂಚೆಯಲ್ಲಿ ಕಳಿಸಿದ. ನನಗೆ ಸಾವಿನ ಭಯಕ್ಕಿಂತ ಆ ಅಂಚೆಯ ಭಯ ಹೆಚ್ಚು. ಕಾರು ಹೋದರೆ ನಮಗೂ ಅದೇ ಗತಿ ಎಂದು ನಾನು ಲೆಕ್ಕ ಹಾಕಿದ್ದೆ.

ನಾನು ಹುಟ್ಟಾ ಚಿಂತೆಯವನು. ಡಿಕ್ಕಿಯಲ್ಲಿ ನನ್ನ ಚಿಂತೆಗಳೆಲ್ಲ ಇರುತ್ತಿದ್ದವು. ಕಾರು ಕೆಟ್ಟರೆ ಎಳೆಯಲು ಹಗ್ಗ, ಮಳೆ ಬಂದರೆ ಕೊಡೆ, ಕೊಡೆ ಮುರಿದರೆ ಇನ್ನೊಂದು ಕೊಡೆ, ಬಾಯಾರಿದರೆ ಐದು ಲೀಟರಿನ ನೀರಿನ ಕ್ಯಾನು, ನಾಯಿ ಬಂದರೆ ಬಡಿಗೆ, ಗಾಯವಾದರೆ ಔಷಧದ ಚೀಲ, ದಾರಿಯಲ್ಲಿ ಯಾರಿಗಾದರೂ ಹೆರಿಗೆಯಾದರೆ ಎಂದು ಒಂದು ಮೆತ್ತಗಿನ ಹಳೆಯ ಧೋತರ. ರೋಣದಿಂದ ನರೇಗಲ್ಲಿಗೆ ಹೋಗಿ ಬರುವ ದಾರಿಯಲ್ಲಿ ಇವುಗಳಲ್ಲಿ ಒಂದೂ ಉಪಯೋಗಕ್ಕೆ ಬಂದಿರಲಿಲ್ಲ. ಉಪಯೋಗಕ್ಕೆ ಬಾರದಿದ್ದುದೇ ಅವು ಇದ್ದುದರಿಂದ ಎಂದು ನಾನು ನಂಬಿದ್ದೆ. ಅಣ್ಣನ ಸಾಮಾನು ಬೇರೆ: ಹೆಸರುಕಾಳಿನ ಬೀಜದ ಚೀಲ, ಉಳ್ಳಾಗಡ್ಡಿ ಗಡ್ಡೆ, ಬೆಳೆಗೆ ಹೊಡೆಯುವ ಎಣ್ಣೆಗಳ ಮಾದರಿ ಬಾಟಲಿಗಳು.

ಶ್ರಾವಣದ ಒಂದು ರವಿವಾರ ಎರಡೂ ಮನೆಯವರು ಇಟಗಿಯ ಭೀಮಾಂಬಿಕೆ ಗುಡಿಗೆ ಹೊರಟೆವು. ನನ್ನ ಹೆಂಡತಿ ನೈವೇದ್ಯಕ್ಕೆಂದು ಶೇಂಗಾ ಹೋಳಿಗೆ ಮಾಡಿ ಬುತ್ತಿ ಕಟ್ಟಿದ್ದಳು. ಗುಡಿಯ ಮುಂದೆ ಡಿಕ್ಕಿ ತೆರೆದಾಗ ಬಂದ ವಾಸನೆಗೆ ಅಲ್ಲಿನ ನಾಯಿಗಳೆಲ್ಲ ಭಕ್ತಿಯಿಂದ ಎದ್ದು ನಿಂತವು. ಅಣ್ಣನ ಬಾಟಲಿಯೊಂದು ಒಡೆದು ಹೋಳಿಗೆಯ ಮೇಲೆ ಹರಿದಿತ್ತು. ಅದು ಮೀನಿನಿಂದ ತಯಾರಿಸಿದ ಬೆಳೆಯ ಟಾನಿಕ್ಕು.

“ದೇವರ ಎಡಿಗೆ ಮೀನಾ, ಅಕ್ಕಾರ?” ಎಂದಳು ನನ್ನ ಹೆಂಡತಿ.

“ಮೀನ ನಾ ಹಿಡಕೊಂಡ ಬಂದೇನೇನು?” ಎಂದರು ಅಣ್ಣನ ಹೆಂಡತಿ, ನನ್ನ ವೈನಿ. “ನಿನ್ನ ಗಂಡ ಕೆರಿ ತುಂಬಿಕೊಂಡು ಬಂದಾನಲ್ಲ, ಆ ಕ್ಯಾನ್ ಮ್ಯಾಲ ಬಿದ್ದ ಬಾಟಲಿ ಒಡೀತು.”

ಆ ಹೊತ್ತಿನಿಂದ ಓರಗಿತ್ತಿಯರಿಬ್ಬರೂ ಮಾತು ಬಿಟ್ಟರು. ಬರುವಾಗ ಕಾರಿನಲ್ಲಿ ವಾಸನೆಯಿಂದಾಗಿಯೇ ಮೂಗು ಬಾಯಿ ಮುಚ್ಚಿಕೊಂಡಿದ್ದೇವೆ ಎಂದು ಎಲ್ಲರೂ ನಟಿಸಿದೆವು. ಮನೆಯ ಮುಂದೆ ಇಳಿದ ಮೇಲೆ ಅಣ್ಣ ಹೇಳಿದ: “ಸಾಕಲೇ ತಮ್ಮಾ. ಗಾಡಿ ಮಾರೂಣು. ನಿಂದ ನಿನಗ, ನಂದ ನನಗ.”

“ದೀಪಾವಳಿ ತನಕ ತಡಿ ಅಣ್ಣಾ,” ಎಂದೆ. “ಡಿಕ್ಯಾಗ ಇಡೂ ಖಾನೆ ಖಾನೆ ಪೆಟಗಿ ಸಿಗತಾವ. ಆರ್ಗನೈಸರ್ ಅಂತಾರ. ಒಂದ ತರಸೂಣು. ನಿನ್ನ ಸಾಮಾನ ನಿನ್ನ ಖಾನ್ಯಾಗ, ನನ್ನ ಸಾಮಾನ ನನ್ನ ಖಾನ್ಯಾಗ.”

“ದೀಪಾವಳಿ ತನಕ,” ಎಂದ ಅಣ್ಣ. ಹೀಗೆ ನಮ್ಮ ಮನೆತನದ ಮಾನ ಒಂದು ಪೆಟ್ಟಿಗೆಯ ಆಯ್ಕೆಯ ಮೇಲೆ ಬಂದು ನಿಂತಿತು. ಆಯ್ಕೆ ಮಾಡಬೇಕಾದವನು ಮಾತ್ರ ನಾನು, ಹೋಟೆಲಿನಲ್ಲಿ ಇಡ್ಲಿಯೋ ವಡೆಯೋ ಎಂದು ಕೇಳಿದರೂ ಬೆವರುವವನು.

ಫೋನಿನಲ್ಲಿ ಹುಡುಕಿದೆ. ಮಡಚುವುದು, ಮಡಚದ್ದು, ಜಾಳಿಗೆಯದು, ಮುಚ್ಚಳದ್ದು, ಎರಡು ಖಾನೆಯದು, ಮೂರು ಖಾನೆಯದು, ಬೇಸಿಗೆಯಲ್ಲಿ ಹಾಲು ತಂಪಾಗಿಡುವುದು. ಕೊಂಡವರ ಅಭಿಪ್ರಾಯಗಳನ್ನು ಓದಿದೆ. ಒಬ್ಬ ಎರಡೇ ವಾರದಲ್ಲಿ ಹಿಡಿಕೆ ಕಿತ್ತು ಬಂತು ಎಂದು ಶಾಪ ಹಾಕಿದ್ದ. ಇನ್ನೊಬ್ಬ ಪುಣ್ಯಾತ್ಮ “ನಮ್ಮ ಬೆಕ್ಕಿಗೆ ಬಹಳ ಇಷ್ಟವಾಯಿತು” ಎಂದು ಐದು ನಕ್ಷತ್ರ ಕೊಟ್ಟಿದ್ದ. ಮೂರು ವಾರವಾದರೂ ನಾನು ಬೆಕ್ಕಿನ ಅಭಿಪ್ರಾಯದಿಂದ ಮುಂದೆ ಹೋಗಲಿಲ್ಲ. ಕಾಲೇಜಿನಲ್ಲಿ ಪುಸ್ತಕ ಕೇಳಲು ಬಂದವರಿಗೂ ಇದನ್ನೇ ತೋರಿಸತೊಡಗಿದೆ. ಕೊನೆಗೆ ಫೋನು ಹಿಡಿದುಕೊಂಡು ಕಾಕಾ ಅವರ ಕಟ್ಟೆಗೆ ಹೋದೆ.

ಅವರು ಕನ್ನಡಕ ಏರಿಸಿ ನೋಡಿದರು. “ಇದು ಒಳ ಅಳತಿಯೋ, ಹೊರ ಅಳತಿಯೋ?”

“ಬರದಿಲ್ರಿ ಕಾಕಾರ.”

“ನಿನ್ನ ಡಿಕ್ಕಿ ಒಳಗ ಎಷ್ಟೈತಿ?”

“ಅಂದಾಜು…”

ಅವರು ಫೋನನ್ನು ನನ್ನ ಕೈಗೆ ಮರಳಿ ಇಟ್ಟರು, ಸತ್ತ ಇಲಿಯನ್ನು ಮರಳಿಸುವ ಹಾಗೆ. “ಹೊಲದ ಅಳತಿ ಗೊತ್ತಿಲ್ಲ, ಪಾಲು ಮಾಡಾಕ ಬಂದೀದಿ. ಮೊದಲ ಮೋಜಣಿ. ಆಮ್ಯಾಲ ಪೆಟಗಿ. ನಡಿ, ನೋಟಿಸ್ ಬರದ ಕೊಡತೇನಿ.”

ಚೇಷ್ಟೆ ಎಂದುಕೊಂಡೆ. ಮರುದಿನ ಎರಡೂ ಮನೆಗೆ ನೋಟಿಸು ಬಂತು. ಇಂಥ ರವಿವಾರ ಮುಂಜಾನೆ ಎಂಟಕ್ಕೆ ಸದರಿ ಡಿಕ್ಕಿಯ ಮೋಜಣಿ ನಡೆಯಲಿದ್ದು ಉಭಯ ಹಿಸ್ಸೇದಾರರು ಖುದ್ದು ಹಾಜರಿರತಕ್ಕದ್ದು, ಗೈರುಹಾಜರಾದಲ್ಲಿ ತಕರಾರಿಗೆ ಅವಕಾಶವಿಲ್ಲ. ಮನೆಗಳ ನಡುವೆ ಒಂದೇ ಗೋಡೆಯಿದ್ದರೂ ಅವರು ಎರಡು ಕಡೆಯೂ ಬಾಗಿಲು ಬಡಿದು ಬೇರೆ ಬೇರೆ ಸಹಿ ತೆಗೆದುಕೊಂಡರು.

ಆ ರವಿವಾರ ಕಿರಾಣಿ ಸಾಹುಕಾರರೂ ಇಸ್ತ್ರಿ ಅಂಗಡಿಯವನೂ ಪಂಚರಾಗಿ, ಎಂದರೆ ಸಾಕ್ಷಿಗಳಾಗಿ, ಬಂದು ನಿಂತರು. ಕಾಕಾ ಚಪ್ಪಲಿ ಬಿಟ್ಟು, ಡಿಕ್ಕಿಗೆ ನಮಸ್ಕಾರ ಮಾಡಿ, ತಲೆ ಮುಂದಾಗಿ ಒಳಗೆ ಹೊಕ್ಕರು. ಹೊರಗೆ ಉಳಿದದ್ದು ಎರಡು ಕಾಲು ಮಾತ್ರ. ನೀರಿಗೆ ಹೋಗುತ್ತಿದ್ದ ಹೆಂಗಸೊಬ್ಬಳು ಕೊಡ ಇಳಿಸಿ, “ಯವ್ವಾ, ಕಾಕಾರಿಗೆ ಏನಾತ್ರಿ? ದವಾಖಾನಿಗೆ ಒಯ್ಯೋದಾದ್ರ ಮುಂದಿನ ಸೀಟಿನಾಗರ ಕುಂದರಸರ್ರಿ!” ಎಂದಳು.

“ಸುಮ್ಕಿರವಾ, ಲೆಕ್ಕ ತಪ್ಪತೈತಿ,” ಎಂದಿತು ಡಿಕ್ಕಿಯೊಳಗಿನ ದನಿ. “ತಮ್ಮಾ, ಬರಕೋ. ಎಡಕ್ಕ ಗಾಲಿ ಮ್ಯಾಲಿನ ಉಬ್ಬ. ಹನ್ನೊಂದ ಇಂಚ. ಸಾಮಾನ ಇಡಾಕ ಬರಂಗಿಲ್ಲ. ಖರಾಬು.”

ಖರಾಬು ಎಂದರೆ ಉಳುಮೆಗೆ ಬಾರದ ನೆಲ. ಕಲ್ಲು, ಹಳ್ಳ, ದಿಣ್ಣೆ. ಅಣ್ಣ ತಟ್ಟನೆ ಕೇಳಿದ: “ಖರಾಬು ಯಾರ ಪಾಲಿಗ್ರಿ?”

“ಬಲಕ್ಕೂ ಒಂದ ಐತಿ. ಇಬ್ಬರಿಗೂ ಒಂದೊಂದ. ಕಾರ ಮಾಡಿದಾವ ನಿಮ್ಮಪ್ಪಗಿಂತ ಸಮ ಹಂಚ್ಯಾನ.”

ಆಮೇಲೆ ಕಾಕಾ ಹೊರಗೆ ಬಂದು ಚಕ್ಕಬಂದಿ ಬರೆಸಿದರು, ಎಂದರೆ ನಾಲ್ಕು ದಿಕ್ಕಿನ ಎಲ್ಲೆ. ಪೂರ್ವಕ್ಕೆ ಹಿಂದಿನ ಸೀಟಿನ ಬೆನ್ನು, ಪಶ್ಚಿಮಕ್ಕೆ ಡಿಕ್ಕಿಯ ಬಾಗಿಲು, ಉತ್ತರಕ್ಕೂ ದಕ್ಷಿಣಕ್ಕೂ ಖರಾಬು. ಉತ್ತರದ ಪಾಲು ಅಣ್ಣನಿಗೆ, ದಕ್ಷಿಣದ್ದು ನನಗೆ. ಪಂಚರು ಸಹಿ ಮಾಡಲು ಪೆನ್ನು ತೆಗೆದರು. ಆಗ ಬಾಗಿಲಲ್ಲಿ ನಿಂತಿದ್ದ ವೈನಿ ಕೇಳಿದರು: “ಕಾಕಾರ, ಗಾಡಿ ತಿರಿವಿದ್ರ ಪೂರ್ವ ಎಲ್ಲಿ ಹೋಗತೈತ್ರಿ?”

ನಮ್ಮ ಬಾಗಿಲಲ್ಲಿದ್ದ ನನ್ನ ಹೆಂಡತಿ ಕಿಸಕ್ಕೆಂದು ನಕ್ಕು, ತಾವಿಬ್ಬರೂ ಮಾತು ಬಿಟ್ಟದ್ದು ನೆನಪಾಗಿ ಆ ನಗೆಯನ್ನು ಕೆಮ್ಮು ಮಾಡಿದಳು. ಕಾಕಾ ಟೇಪು ಹಿಡಿದುಕೊಂಡೇ ಕಾರಿನ ಸುತ್ತ ಒಂದು ಸುತ್ತು ಹಾಕಿದರು. ನಲವತ್ತು ವರ್ಷ ಅವರು ಅಳೆದದ್ದೆಲ್ಲ ಇದ್ದಲ್ಲೇ ಇರುವ ಆಸ್ತಿ. ತಿರುಗುವ ಹೊಲ ಅವರ ಸೇವೆಯಲ್ಲಿ ಬಂದಿರಲಿಲ್ಲ. ಸುತ್ತು ಮುಗಿದ ಮೇಲೆ ತೀರ್ಪು ಬಂತು: “ಗಾಡಿ ಮನಿ ಮುಂದ ಹಿಂಗ ನಿಂತಾಗ ಇದ್ದ ದಿಕ್ಕ ಖರೇ ದಿಕ್ಕ. ಉಳಿದದ್ದು ಹಂಗಾಮಿ.”

ಆ ತೀರ್ಪನ್ನು ನಾವು ಪಾಲಿಸಿದೆವು ಎಂದರೆ ಯಾರೂ ನಂಬುವುದಿಲ್ಲ. ಒಮ್ಮೆ ನರಗುಂದದ ಪೇಟೆಯಲ್ಲಿ ಡಿಕ್ಕಿ ತೆರೆದಾಗ ಒಂದು ಉಳ್ಳಾಗಡ್ಡಿ ಯಾರ ಪಾಲಿನಲ್ಲಿದೆ ಎಂದು ವಾದ ಹುಟ್ಟಿ, ಅಣ್ಣ ನಾನು ಇಬ್ಬರೂ ಗುಡ್ಡದ ಕಡೆ ಕೈ ಮಾಡಿ, “ಪೂರ್ವ ಈ ಕಡೆ, ಅಲ್ಲ ಆ ಕಡೆ,” ಎಂದು ಕೂಗಾಡಿ, ಕೊನೆಗೆ ಕಾರನ್ನು ರೋಣದ ಮನೆಯ ಮುಂದೆ ನಿಲ್ಲುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ ತೀರ್ಮಾನ ಮಾಡಿಕೊಂಡೆವು. ಹಿಂದೆ ನಿಂತ ಟ್ರ್ಯಾಕ್ಟರಿನವನು ಹಾರ್ನು ಹೊಡೆದೂ ಹೊಡೆದೂ ಸುಸ್ತಾದ.

ಕಾಕಾ ಐದು ದಿನ ಕೂತು ನಕಾಶೆ ಬರೆದರು. ಎರಡು ಪಾಲುಗಳ ನಡುವೆ, ಡಿಕ್ಕಿಯ ಬಾಗಿಲಿನಿಂದ ಸೀಟಿನ ಬೆನ್ನಿನ ತನಕ, ಗೇಣಗಲದ ಒಂದು ಪಟ್ಟಿ ಖಾಲಿ ಬಿಟ್ಟಿದ್ದರು. ಅದರ ಮೇಲೆ ದುಂಡಗಿನ ಅಕ್ಷರದಲ್ಲಿ ‘ಬಂಡಿದಾರಿ’ ಎಂದು ಬರೆದಿತ್ತು.

“ಕಾಕಾರ, ಇರೂದು ಎರಡೂವರಿ ಗೇಣ ಜಾಗ. ಅದರಾಗ ಒಂದ ಗೇಣ ದಾರಿಗೆ ಹೋದ್ರ ನನ್ನ ಕ್ಯಾನ್ ಎಲ್ಲಿ ಇಡ್ಲಿ? ಡಿಕ್ಯಾಗ ಬಂಡಿ ಎಲ್ಲಿಂದ ಬರಬೇಕ್ರಿ?”

ಅವರು ಕಟ್ಟೆಯ ಮೇಲೆ ಬೆರಳಿನಿಂದ ಎರಡು ಗೆರೆ ಎಳೆದು ನೋಡುತ್ತ ಕೂತರು. ಆಮೇಲೆ ಒಂದು ಊರಿನ ಕತೆ ಹೇಳಿದರು. ಊರಿನ ಹೆಸರು ಹೇಳಲಿಲ್ಲ. ನೌಕರಿಗೆ ಸೇರಿದ ಹೊಸತರಲ್ಲಿ ಅಲ್ಲಿ ಇಬ್ಬರು ಅಣ್ಣ ತಮ್ಮಂದಿರ ಹೊಲ ಪಾಲು ಮಾಡಿದ್ದರಂತೆ.

“ಗುಂಟೆ ಸಮ. ಆಣೆ ಸಮ. ಸಾಹೇಬ್ರು ಬೆನ್ನ ಚಪ್ಪರಿಸಿದ್ರು. ಆದ್ರ ಒಳಗಿನ ಪಾಲಿಗೆ ಹಾದಿ ಬಿಡೂದು ಮರತಿದ್ದೆ. ಅಣ್ಣ ತಮ್ಮ ಚಲೋ ಇದ್ರು ನೋಡು, ಅವರಿಗೂ ನೆನಪಾಗಲಿಲ್ಲ. ಸುಗ್ಗಿಗೆ ತಮ್ಮ ಜ್ವಾಳದ ತೆನಿ ಬಂಡ್ಯಾಗ ಹೇರಿದ. ಅಣ್ಣ ‘ನನ್ನ ಬೆಳಿ ತುಳದ ಹೋಗಬ್ಯಾಡ’ ಅಂದ. ಮೂರ ದಿನ ಬಂಡಿ ಬದುವಿನಾಗ ನಿಂತಿತ್ತು. ನಾಕನೇ ದಿನ ಮಳಿ ಬಂತು.”

“ಆಮ್ಯಾಲ?”

“ಆಮ್ಯಾಲೇನು. ತೆನಿ ಮೊಳಕಿ ಒಡದ್ವು. ಕಾಗದದಾಗ ಮಾತ್ರ ಇವತ್ತಿಗೂ ತಪ್ಪಿಲ್ಲ.” ಅವರು ಕಟ್ಟೆಯ ಮೇಲಿನ ಗೆರೆಗಳನ್ನು ಅಂಗೈಯಿಂದ ಒರೆಸಿದರು. “ನಿಂದು ಕ್ಯಾನ್ ಸಣ್ಣದು ತಗೋ.”

ಫೋನಿನ ಪೆಟ್ಟಿಗೆಗಳಲ್ಲಿ ಬಂಡಿದಾರಿ ಇರಲಿಲ್ಲ. ಹಾಗಾಗಿ ಕಾಕಾ ನಕಾಶೆಯನ್ನು ಸುರುಳಿ ಸುತ್ತಿಕೊಂಡು, ಬಸ್ಸು ಹತ್ತಿ, ಗಜೇಂದ್ರಗಡದಲ್ಲಿ ಟಾರ್ಪಾಲು ಹೊಲಿಯುವವನ ಅಂಗಡಿಗೆ ನನ್ನನ್ನು ಕರೆದೊಯ್ದರು. ಅವನು ದಪ್ಪ ಕ್ಯಾನ್ವಾಸು, ಅಡಿಗೆ ಪ್ಲೈವುಡ್ಡು ಹಾಕಿ ಹೊಲಿಯುತ್ತ ಕೇಳಿದ: “ನಡುವ ಯಾಕ್ರೀ ಖಾಲಿ?”

“ಬಂಡಿದಾರಿ.”

“ಬಂಡಿ ಎಲ್ಲೈತ್ರಿ?”

“ನೀ ಹೊಲಿಯಪಾ. ಬಂಡಿ ಅದರ ಪಾಡಿಗೆ ಬರತೈತಿ.”

ಅವನು ನನ್ನ ಕಡೆ ತಿರುಗಿ ಹಣೆಯ ಮೇಲೆ ಬೆರಳು ಆಡಿಸಿದ. ನಾನೂ ತಲೆಯಾಡಿಸಿದೆ. ಹೇಡಿತನ ನನಗೆ ಚಿಂತೆಯಷ್ಟೇ ಸಹಜ.

ಪೆಟ್ಟಿಗೆ ಬಂತು. ಜಗಳ ಹೋಗಲಿಲ್ಲ, ಅದಕ್ಕೆ ಒಂದು ಅಳತೆ ಬಂತು ಅಷ್ಟೆ. ಮೊದಲು “ನಿನ್ನ ಸಾಮಾನು ಹೆಚ್ಚಾತು” ಎನ್ನುತ್ತಿದ್ದ ಅಣ್ಣ ಈಗ “ನಿನ್ನ ಕ್ಯಾನ್ ಎರಡ ಬೆರಳ ದಾರ್‍ಯಾಗ ಬಂದೈತಿ” ಎನ್ನತೊಡಗಿದ. ನಾನೂ ಬಿಡಲಿಲ್ಲ, ಅವನ ಬೀಜದ ಚೀಲದ ಹೊಟ್ಟೆ ದಾರಿಗೆ ಬಾಗಿದ್ದನ್ನು ಫೋಟೋ ತೆಗೆದು ಕಾಕಾ ಅವರಿಗೆ ಕಳಿಸಿದೆ. ಪ್ರತಿ ಗುರುವಾರ ಸಂಜೆ ಅವರು ತಪಾಸಣೆಗೆ ಬರುವರು. ನಾವು ಮನೆಯೊಳಗೆ ಚಹಾ ಮಾಡಿಸುವಷ್ಟರಲ್ಲಿ ಅವರು ಒಬ್ಬರೇ ಡಿಕ್ಕಿಗೆ ಬಗ್ಗಿ, ಅಳೆದು, ಒಂದು ವಹಿಯಲ್ಲಿ ಬರೆದುಕೊಳ್ಳುವರು. ‘ದಕ್ಷಿಣದ ಹಿಸ್ಸೇದಾರರ ನೀರಿನ ಕ್ಯಾನು, ಒತ್ತುವರಿ ಒಂದೂವರೆ ಬೆರಳು.’ ‘ಉತ್ತರದ ಹಿಸ್ಸೇದಾರರ ಚೀಲ, ಎರಡು ಬೆರಳು.’ ಇಬ್ಬರಿಗೂ ತಾಕೀತು. ವೈನಿ ಮತ್ತು ನನ್ನ ಹೆಂಡತಿ ಮಾತ್ರ ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರೇ ಹೊರತು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ದೀಪಾವಳಿಗೆ ಎಂಟು ದಿನ ಇರುವಾಗ ಅಣ್ಣ ಗೋಡೆಯ ಆಚೆಯಿಂದಲೇ ಕೂಗಿದ: “ನರಗುಂದ ಕಡಿಂದ ಒಬ್ಬರು ಗಾಡಿ ನೋಡಾಕ ಬರತಾರ. ನಾಳೆ ಮುಂಜಾನಿ.”

ಬಂದವರು ರೈತರೊಬ್ಬರು. ಗಾಲಿಗೆ ಒದ್ದು ನೋಡಿದರು, ಬಾಗಿಲನ್ನು ಮೂರು ಸಲ ಹಾಕಿ ತೆಗೆದರು, ಎಂಜಿನ್ನಿನ ಸದ್ದಿಗೆ ಎತ್ತಿನ ಉಸಿರು ಕೇಳುವವರ ಹಾಗೆ ಕಿವಿ ಕೊಟ್ಟರು. “ಚಲೋ ಐತಿ,” ಎಂದರು. ನನಗೆ ಅಂಚೆಯವನು ಲಗ್ನಪತ್ರಿಕೆ ಹಿಡಿದು ಓಣಿಯಲ್ಲಿ ಬರುತ್ತಿರುವಂತೆ ಕಾಣಿಸಿತು. ಅಷ್ಟರಲ್ಲಿ ಬಂದವರು ಕಾಕಾ, ಕಂಕುಳಲ್ಲಿ ವಹಿ.

“ಪೋಡಿ ರದ್ದ ಆಗದ ಮಾರಾಕ ಬರೂದಿಲ್ಲ,” ಎಂದರು. ಪಾಲು ಮಾಡಿದ್ದು ರದ್ದಾಗಬೇಕು ಎಂದರ್ಥ. “ಇಬ್ಬರೂ ಕೂಡಿ ಡಿಕ್ಕಿ ಖಾಲಿ ಮಾಡ್ರಿ. ಸಮಕ್ಷಮ.”

ಅಣ್ಣ ಗೊಣಗುತ್ತ ಚೀಲ ಇಳಿಸಿದ. ನಾನು ಕೊಡೆಗಳನ್ನೂ ಹಗ್ಗವನ್ನೂ ಇಳಿಸಿದೆ. ಹೆರಿಗೆಯ ಧೋತರವನ್ನು ನೋಡಿ ಕೊಳ್ಳಲು ಬಂದವರು ಹುಬ್ಬೇರಿಸಿದರು. ಎಲ್ಲ ಖಾಲಿಯಾದ ಮೇಲೆ ಬಂಡಿದಾರಿಯ ಒಳತುದಿಯಲ್ಲಿ, ಸೀಟಿನ ಬೆನ್ನಿಗೆ ಆನಿಸಿ, ಹಳೆಯ ಕುಪ್ಪಸದ ಬಟ್ಟೆಯಲ್ಲಿ ಕಟ್ಟಿದ ಒಂದು ಸ್ಟೀಲಿನ ಡಬ್ಬಿ ಉಳಿಯಿತು.

“ನೋಡ್ರಿ ಕಾಕಾರ, ಒತ್ತುವರಿ!” ಎಂದ ಅಣ್ಣ ವಿಜಯದಿಂದ. “ಇವಂದು ಇದ ಹಣೆಬಾರ.”

“ನಂದಲ್ಲ. ಮುಚ್ಚಳದ ಮ್ಯಾಲ ವೈನಿ ತವರಮನಿ ಹೆಸರ ಕೊರದೈತಿ,” ಎಂದೆ ನಾನು, ಅಷ್ಟೇ ವಿಜಯದಿಂದ.

ಅಣ್ಣ ಮುಚ್ಚಳ ತೆಗೆದ. ಒಳಗೆ ಕೆಂಪು ಚಟ್ನಿ. ಅದರ ಬಣ್ಣ ನೋಡಿದರೆ ಸಾಕು, ನನ್ನ ಹೆಂಡತಿಯ ಕೈಯದೆಂದು ಓಣಿಯೇ ಹೇಳುತ್ತದೆ. ಅಣ್ಣ ನನ್ನನ್ನು ನೋಡಿದ, ನಾನು ಅಣ್ಣನನ್ನು ನೋಡಿದೆ. ಡಬ್ಬಿ ಅವರದು, ಚಟ್ನಿ ನಮ್ಮದು.

ಕಾಕಾ ಎರಡೂ ಬಾಗಿಲುಗಳ ಕಡೆ ತಿರುಗಿದರು. “ಹೇಳ್ರೆವಾ.”

“ಅಕ್ಕಾರು ಅದರಾಗ ಗುರೆಳ್ಳ ಚಟ್ನಿ ಹಾಕಿ ಇಟ್ಟಿದ್ರು,” ಎಂದಳು ನನ್ನ ಹೆಂಡತಿ, ನೆಲ ನೋಡುತ್ತ. “ಖಾಲಿ ಡಬ್ಬಿ ಹ್ಯಾಂಗ ತಿರುಗಿ ಕೊಡೂದ್ರಿ?”

“ಅದಕ್ಕಿಂತ ಮೊದಲ ಅಕೀನ ಹೆಸರಬ್ಯಾಳಿ ಉಂಡಿ ಇಟ್ಟಿದ್ಲು,” ಎಂದರು ವೈನಿ ಸಿಟ್ಟಿನಿಂದ. “ನಾ ಏನ ಖಾಲಿ ಡಬ್ಬಿ ಕಳಸೂ ಮನೆತನದಾಕಿ ಏನು?”

“ನೀವ ಮಾತ ಬಿಟ್ಟೀರಿ ಅಂತಿದ್ರಲ್ಲ?” ಎಂದ ಅಣ್ಣ.

“ಮಾತ ಬಿಟ್ಟೇವಿ,” ಎಂದರು ವೈನಿ. “ಡಬ್ಬಿ ಬಿಟ್ಟಿಲ್ಲ.”

ಶ್ರಾವಣದ ಆ ಹೋಳಿಗೆ ಹೊಲಸಾದ ವಾರವೇ, ಉಪವಾಸ ಬಿಡುವ ಹೊತ್ತಿಗೆಂದು ವೈನಿ ಬೇರೆ ಹೋಳಿಗೆ ಮಾಡಿ, ಕೈಗೆ ಕೊಡಲು ಮನಸ್ಸಾಗದೆ ಕಾರಿನಲ್ಲಿ ಇಟ್ಟಿದ್ದರಂತೆ. ಅಂದಿನಿಂದ ಕಾರು ಯಾರ ಪಾಳಿಯಲ್ಲಿದ್ದರೂ ಡಬ್ಬಿ ಮೊದಲು ಡಿಕ್ಕಿಯ ಮೂಲೆಯಲ್ಲಿ, ಪೆಟ್ಟಿಗೆ ಬಂದ ಮೇಲೆ ಆ ಗೇಣಗಲದ ಪಟ್ಟಿಯಲ್ಲಿ ಹೋಗುತ್ತಲೂ ಬರುತ್ತಲೂ ಇತ್ತು. ಖಾಲಿ ಡಬ್ಬಿ ಮರಳಿಸಬಾರದು ಎಂಬುದೊಂದಕ್ಕೆ ಇಬ್ಬರೂ ನಿಲ್ಲಿಸಲಾರದೆ ಸಿಕ್ಕಿಬಿದ್ದಿದ್ದರು. ನಾವಿಬ್ಬರು ಗಂಡಸರು ಬೆರಳೆಣಿಸಿ ಒತ್ತುವರಿ ಹುಡುಕುತ್ತಿದ್ದಾಗ ಊಟದಲ್ಲಿ ಬಡಿಸಿದ್ದನ್ನು ಎಲ್ಲಿಂದ ಬಂತೆಂದು ಕೇಳದೆ ತಿಂದಿದ್ದೆವು.

ನನಗೆ ಥಟ್ಟನೆ ಹೊಳೆಯಿತು. ಕಾಕಾ ಅವರ ಕಂಕುಳಿನ ವಹಿಯನ್ನು ಕೇಳಿ ತೆಗೆದುಕೊಂಡು ತಿರುವಿ ಹಾಕಿದೆ. ಎಲ್ಲ ಗುರುವಾರಗಳೂ ಇದ್ದವು. ನನ್ನ ಕ್ಯಾನು, ಅಣ್ಣನ ಚೀಲ, ಒಂದೂವರೆ ಬೆರಳು, ಎರಡು ಬೆರಳು. ಡಬ್ಬಿಯ ಬಗ್ಗೆ ಒಂದಕ್ಷರವಿರಲಿಲ್ಲ.

“ಕಾಕಾರ, ಪ್ರತಿ ವಾರ ಒಳಗ ಬಗ್ಗಿ ನೋಡತಿದ್ರಿ. ಇದು ಕಾಣಲಿಲ್ಲೇನು?”

“ದಾರ್‍ಯಾಗ ನಡದ ಹೋಗೋರ್ನ ಯಾವ ಮೂಳ ಒತ್ತುವರಿ ಅಂತ ಬರೀತಾನಲೇ?” ಎಂದು ಅವರು ವಹಿಯನ್ನು ಕಸಿದುಕೊಂಡರು. ಪೆನ್ಸಿಲು ನಾಲಿಗೆಗೆ ಮುಟ್ಟಿಸಿ, ಎಲ್ಲರಿಗೂ ಕೇಳುವಂತೆ ಓದುತ್ತ ಬರೆದರು: “ಸದರಿ ದಾರಿಯ ವಹಿವಾಟು ಚಾಲೂ ಇರುತ್ತದೆ. ವಹಿವಾಟಿನಲ್ಲಿರುವ ದಾರಿಯನ್ನು ಮುಚ್ಚಲು ಯಾವ ಹಿಸ್ಸೇದಾರನಿಗೂ ಅಧಿಕಾರ ಇರುವುದಿಲ್ಲ.”

ಕೊಳ್ಳಲು ಬಂದವರಿಗೆ ತಾಳ್ಮೆ ಮುಗಿದಿತ್ತು. “ಏನ್ರಿ ನಡದೈತಿ ಇದು? ಗಾಡಿ ಕೊಡತೀರೋ, ಇಲ್ಲೋ?”

ಅಣ್ಣ ಡಬ್ಬಿಯನ್ನು ಹಿಡಿದುಕೊಂಡು ನಿಂತಿದ್ದ. ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. ನನ್ನ ಬಾಯಿ ಒಣಗಿತ್ತು. ಐದು ಲೀಟರ್ ನೀರು ಪಕ್ಕದಲ್ಲೇ ಇದ್ದರೂ ಕುಡಿಯಲು ನೆನಪಾಗಲಿಲ್ಲ.

“ಕೊಡಾಕ ಬರೂದಿಲ್ರಿ,” ಎಂದ ಅಣ್ಣ ಕೊನೆಗೆ, ಬಂದವರ ಮುಖ ನೋಡದೆ. “ದಾರೀದು ತಕರಾರ ಐತಿ.”

ನಮ್ಮ ಸೀಮೆಯಲ್ಲಿ ಈ ಮಾತಿಗೆ ಮರುಮಾತಿಲ್ಲ. ಆ ರೈತರು ಕೆಂಡ ತುಳಿದವರಂತೆ ಕಾರಿನಿಂದ ಎರಡು ಹೆಜ್ಜೆ ಹಿಂದೆ ಸರಿದರು. “ಅಯ್ಯಯ್ಯ, ಬ್ಯಾಡ್ರಿಪಾ! ನಮ್ಮೂರಾಗ ದಾರಿ ತಕರಾರ ಒಂದ ಐತಿ, ನಮ್ಮಪ್ಪನ ಕಾಲದ್ದು, ಅದ ಸಾಕಾಗೇತಿ.” ಮೋಟಾರ್‌ಸೈಕಲ್ಲಿಗೆ ಕಾಲು ಹಾಕಿದವರು ಕಾಕಾ ಅವರ ಕಡೆ ನೋಡಿ, “ಹಿರ್‍ಯಾರ, ನೀವ ಯಾರ ಪೈಕಿರಿ? ಅಣ್ಣಂದೋ, ತಮ್ಮಂದೋ?” ಎಂದರು.

“ನಾ ದಾರಿ ಪೈಕಿ,” ಎಂದರು ಕಾಕಾ, ಟೇಪನ್ನು ಕಿಸೆಗೆ ತುರುಕುತ್ತ.

ಮೋಟಾರ್‌ಸೈಕಲ್ಲು ಓಣಿ ದಾಟಿತು. ಬಿಸಿಲಿನಲ್ಲಿ ನಮ್ಮ ಹಗ್ಗ, ಬಡಿಗೆ, ಚೀಲ, ಕೊಡೆಗಳೆಲ್ಲ ರಸ್ತೆಯ ಮೇಲೆ ಬಿದ್ದಿದ್ದವು. ಯಾವುದನ್ನು ಯಾರು ಎತ್ತಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅಣ್ಣ ಡಬ್ಬಿಯನ್ನು ಎತ್ತಿ ಹಿಡಿದು ತನ್ನ ಬಾಗಿಲಿನ ಕಡೆ ನಡೆದ.

“ತಗೋಳ ಇದನ್ನ,” ಎಂದ ವೈನಿಗೆ. “ಲಗೂ ಏನರ ಮಾಡಿ ತುಂಬು. ಈ ಸಲ ನಿನ್ನ ಪಾಳಿ.”